ಸ್ಪೆಕ್ಟ್ರಮ್ ಬೆನ್ನಿಗೆ ಯಾವುದು: ಮೈಕ್ರೋಡ್ರೈವಾ, ಡಿವ್‌ಎಂಎಂಸಿಯಾ, ಬರೀ ಫೋನಾ?

ನಮ್ಮ ಸೋದರಮಾವ ಪುಣೆಯಲ್ಲಿದ್ದಾಗ ಕೊಂಡಿದ್ದ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಎಂಬ ಹಳೆಯ ಮನೆ ಕಂಪ್ಯೂಟರ್ ಮೂವತ್ತು ವರ್ಷ ಅಟ್ಟದ ಮೇಲೆ ಧೂಳು ತಿಂದಿತ್ತು. ಬ್ರಿಟನ್ನಿನ ಸಿಂಕ್ಲೇರ್ 1982ರಲ್ಲಿ ತಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಇದೆಯಲ್ಲ, ಅದರದೇ ನಮ್ಮ ದೇಶದ ರೂಪ. 48 ಕೆ ಮೆಮೊರಿ, 3.5 ಮೆಗಾಹರ್ಟ್ಸ್ ಝಡ್80 ಚಿಪ್. ಮೆಷಿನ್ ಆನ್ ಆಯಿತು. ಆದರೆ ಅದಕ್ಕೆ ಪ್ರೋಗ್ರಾಮ್ ಉಣಿಸುವುದು ಹೇಗೆ? ಮೂರು ದಾರಿ ನೋಡಿದೆ: ಬರೀ ಫೋನು, ಎಸ್‌ಡಿ ಕಾರ್ಡ್ ಓದುವ ಡಿವ್‌ಎಂಎಂಸಿ ಬೋರ್ಡು, ಪುಟ್ಟ ಟೇಪಿನ ಮೈಕ್ರೋಡ್ರೈವ್. ಆಟ ಆಡಲಿಕ್ಕಷ್ಟೇ ಬೇಕೆಂದರೆ ಡಿವ್‌ಎಂಎಂಸಿ ತಗೊಳ್ಳಿ, ಮುಂದೆ ಓದಬೇಕಾಗಿಲ್ಲ.

ಮೊದಲು ಮಾಡಿದ್ದು ಫೋನಿನ ದಾರಿ. ಖರ್ಚು ಒಂದು ಕೇಬಲ್ಲಿನದು ಮಾತ್ರ. ಈ ಮೆಷಿನ್ನಿಗೆ ಪ್ರೋಗ್ರಾಮ್ ಬರುತ್ತಿದ್ದುದು ಕ್ಯಾಸೆಟ್ ಟೇಪಿನ ಸದ್ದಿನಿಂದ. ಆ ಟೇಪಿನ ಫೈಲನ್ನು ಸದ್ದಾಗಿ ನುಡಿಸುವ ಆ್ಯಪ್ ಹಾಕಿಕೊಂಡು, ವಾಲ್ಯೂಮ್ ಪೂರ್ತಿ ಏರಿಸಿ, ಇಯರ್ ಎಂದು ಬರೆದಿರುವ ತೂತಿಗೆ ಚುಚ್ಚಿದರೆ ಆಯಿತು. 48 ಕೆ ಆಟ ತುಂಬಲು ಸುಮಾರು ಐದು ನಿಮಿಷ. ನಾಲ್ಕನೇ ನಿಮಿಷಕ್ಕೆ ಯಾರೋ ಶುಭೋದಯ ಕಳಿಸಿದರು. ಟಿಂಗ್! ಪರದೆ ಮೇಲೆ 'ಟೇಪ್ ಲೋಡಿಂಗ್ ಎರರ್'. ಏರೋಪ್ಲೇನ್ ಮೋಡ್ ಹಾಕಿ ಕೂರಬೇಕು, ಅಷ್ಟೇ. ಆದರೂ ಮೊದಲು ಇದನ್ನೇ ಮಾಡಿ. ಒಂದು ಆಟ ಹೀಗೆ ತುಂಬಿ ಓಡಿತೆಂದರೆ ಮೆಷಿನ್ ಬಹುಮಟ್ಟಿಗೆ ಆರೋಗ್ಯವಾಗಿದೆ ಅಂತ ಲೆಕ್ಕ. ಬೋರ್ಡಿಗೆ ದುಡ್ಡು ಹಾಕುವುದು ಆಮೇಲೆ.

ಮಿಕ್ಕ ಎರಡೂ ಬೆನ್ನಿನ ಕನೆಕ್ಟರಿಗೆ ಕೂರುವಂಥವು. ಇಲ್ಲೇ ನಾನು ಎಡವಿದ್ದು. ಕರೆಂಟ್ ಇರುವಾಗಲೇ ಬೋರ್ಡನ್ನು ಸ್ವಲ್ಪ ಅಲ್ಲಾಡಿಸಿದೆ. ಪರದೆ ತುಂಬ ಪಟ್ಟೆ ಬಂತು, ಟಿಆರ್4 ಟ್ರಾನ್ಸಿಸ್ಟರ್ ಹೋಯಿತು. ಹಳೆಯ ಮೆಮೊರಿ ಚಿಪ್ಪುಗಳಿಗೆ ಬೇಕಾದ 12 ವೋಲ್ಟ್ ಮತ್ತು ಮೈನಸ್ 5 ವೋಲ್ಟ್ ಹುಟ್ಟುವುದು ಅದರ ಕೃಪೆಯಿಂದ. ಕನೆಕ್ಟರಿನಲ್ಲಿ 5 ವೋಲ್ಟ್ ಮತ್ತು 9 ವೋಲ್ಟ್ ಪಟ್ಟಿಗಳು ಅಕ್ಕಪಕ್ಕದಲ್ಲೇ ಇವೆ, ಪಕ್ಕದಲ್ಲಿ ಒಂದು ಸೀಳು. ಆ ಸೀಳಿಗೆ ಸಿಕ್ಕಿಕೊಳ್ಳುವ ತುಣುಕು ಇಲ್ಲದ ಬೋರ್ಡು ಒಂದು ಪಟ್ಟಿಯಷ್ಟು ಸರಿದು ಕೂತರೆ 9 ವೋಲ್ಟ್ ನೇರ 5ರ ಜಾಗಕ್ಕೆ! ಇನ್ನೊಂದು ವಿಷಯ, ಇದರ ಅಡಾಪ್ಟರಿನಲ್ಲಿ ಪಿನ್ನಿನ ಒಳಭಾಗವೇ ನೆಗೆಟಿವ್. ಈಗ ಅಂಗಡಿಯಲ್ಲಿ ಸಿಗುವವು ಹೆಚ್ಚಾಗಿ ಇದಕ್ಕೆ ಉಲ್ಟಾ.

ಡಿವ್‌ಎಂಎಂಸಿ ಹೊಸ ಕಾಲದ ಬೋರ್ಡು, ಎಸ್‌ಡಿ ಕಾರ್ಡ್ ನುಂಗುತ್ತದೆ. ಬಟನ್ ಒತ್ತಿದರೆ ಫೈಲುಗಳ ಪಟ್ಟಿ, ಆರಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಟ. ಮೆಷಿನ್ನಿನ ರೋಮ್ (ಅಳಿಸಲಾಗದ ಮೆಮೊರಿ) ಒಳಗಿನ ಟೇಪ್ ಓದುವ ಕೋಡಿನ ವಿಳಾಸಕ್ಕೆ ಝಡ್80 ಬಂದ ಕೂಡಲೇ ಇದು ತನ್ನ ಮೆಮೊರಿಯನ್ನು ಅಡ್ಡ ತೂರಿಸುತ್ತದೆ. ಟೇಪಿನಿಂದಲೇ ಬರುತ್ತಿದೆ ಅಂತ ಆಟ ನಂಬಿಕೊಂಡಿರುತ್ತದೆ. ಆದರೆ ಕಾಪಿ ತಡೆಯಲು ಟೇಪ್ ಓದುವ ಸ್ವಂತ ಕೋಡ್ (ಲೋಡರ್) ಬರೆದುಕೊಂಡ ಆಟಗಳು ಆ ಕಡೆ ಬರುವುದೇ ಇಲ್ಲ. ಅವಕ್ಕೆ ಸ್ನ್ಯಾಪ್‌ಶಾಟ್ ಫೈಲ್, ಅಂದರೆ ಆಟ ತುಂಬಿದ ಮೇಲಿನ ಮೆಮೊರಿಯ ನಕಲು, ಹುಡುಕಿ. ನನಗೆ ಅರ್ಧ ಗಂಟೆ ಹಾಳಾಗಿದ್ದು ಬೇರೆ ಕಾರಣಕ್ಕೆ. ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ಇಎಸ್‌ಎಕ್ಸ್‌ಡಾಸ್. ಬೋರ್ಡಿನಲ್ಲಿರುವುದು ಮತ್ತು ಕಾರ್ಡಿನಲ್ಲಿರುವುದು ಒಂದೇ ವರ್ಷನ್ ಆಗಿರಬೇಕು. ನನ್ನವು ಬೇರೆಬೇರೆ ಇದ್ದವು.

ಇನ್ನು 1983ರ ಇಂಟರ್‌ಫೇಸ್ ಒನ್ ಮತ್ತು ಮೈಕ್ರೋಡ್ರೈವ್. ಮೊದಲಿನದು ಬೆನ್ನಿಗೆ ಕೂರುವ ಸಿಂಕ್ಲೇರ್ ಬೋರ್ಡು, ಎರಡನೆಯದು ಅದಕ್ಕೆ ಸಿಕ್ಕಿಸುವ ಪುಟ್ಟ ಟೇಪ್ ಡ್ರೈವ್. ಇಂಗ್ಲೆಂಡಿನಲ್ಲಿರುವ ಗೆಳೆಯ ಸೂಟ್‌ಕೇಸಿನಲ್ಲಿ ತಂದುಕೊಟ್ಟ. ಹೆಬ್ಬೆರಳಿನಷ್ಟು ದೊಡ್ಡದೊಂದು ಕಾರ್ಟ್ರಿಜ್, ಅದರೊಳಗೆ ಎರಡು ಮಿಲಿಮೀಟರಿಗಿಂತ ಕಿರಿದಾದ ಟೇಪು ಐದು ಮೀಟರ್, ಕೊನೆಯಿಲ್ಲದ ಸುತ್ತಾಗಿ. ಒಂದು ಸುತ್ತಿಗೆ ಎಂಟು ಸೆಕೆಂಡಿನಷ್ಟು, ಹಿಡಿಸುವುದು ಸುಮಾರು 85 ಕೆ. ಮೂರು ವಾರ ನನ್ನ ಸಂಜೆಗಳನ್ನೆಲ್ಲ ತಿಂದುಹಾಕಿತು. ಡ್ರೈವ್ ಬಿಚ್ಚಿದರೆ ಒಳಗಿನ ರಬ್ಬರ್ ರೋಲರ್ ಜೋನಿ ಬೆಲ್ಲದಂತಾಗಿತ್ತು. ಮುಟ್ಟಿದ ಬೆರಳು ಬಿಡಿಸಿಕೊಳ್ಳುವುದೇ ಕಷ್ಟ. ಕೆರೆದು, ಐಸೋಪ್ರೊಪೈಲಿನಲ್ಲಿ ಒರೆಸಿ, ಎಸ್‌ಪಿ ರೋಡಿನಿಂದ ತಂದ ಸಣ್ಣ ರಬ್ಬರ್ ಕೊಳವೆ ತೊಡಿಸಿದೆ. ಮೊದಲ ಕೊಳವೆ ದಪ್ಪವಾಯಿತು, ಟೇಪು ಓಡುವ ವೇಗವೇ ಬದಲಾಗಿ ಏನೂ ಓದಲಿಲ್ಲ. ಎರಡನೆಯದು ಕೂತಿತು. ಆಮೇಲೆ ಕಾರ್ಟ್ರಿಜ್‌ಗಳ ಸರದಿ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಮೆತ್ತೆ ಅಂಟು ಬಿಟ್ಟು ಉದುರಿರುತ್ತದೆ. ಹಳೆಯ ಹಾಡಿನ ಕ್ಯಾಸೆಟ್ಟಿನ ಮೆತ್ತೆ ಕಿತ್ತು ಅಂಟಿಸಿದೆ. ನಾಲ್ಕೈದು ಸಲ ಫಾರ್ಮ್ಯಾಟ್ ಕೊಟ್ಟ ಮೇಲೆ 62 ಕೆ ಇದ್ದದ್ದು 86ಕ್ಕೆ ಏರಿತು. ಆರರಲ್ಲಿ ನಾಲ್ಕು ಉಳಿದವು.

ಎರಡನ್ನೂ ಒಟ್ಟಿಗೆ ಹಾಕೋಣ ಅಂತ ಆಸೆ ಆಗುತ್ತದೆ ಅಲ್ವಾ? ನನಗೂ ಆಯಿತು. ಇಂಟರ್‌ಫೇಸ್ ಒನ್ ಕಾಯುವುದೂ ಮೆಮೊರಿಯ ವಿಳಾಸ 8ನ್ನೇ, ಡಿವ್‌ಎಂಎಂಸಿ ಕಾಯುವುದೂ ಅದನ್ನೇ. ಒಂದೇ ಬಾಗಿಲಿಗೆ ಇಬ್ಬರು ವಾಚ್‌ಮನ್. ಪರದೆ ಸುಮ್ನೆ ಕಪ್ಪಾಗಿ ನಿಂತಿತು.

ಸದ್ಯ ಬೆನ್ನಿನಲ್ಲಿ ಡಿವ್‌ಎಂಎಂಸಿ ಇದೆ. ಮಾವ ಬಂದ ದಿನ ಮಾತ್ರ ಕರೆಂಟ್ ತೆಗೆದು ಮೈಕ್ರೋಡ್ರೈವ್ ಸಿಕ್ಕಿಸಿ ಕಾರ್ಟ್ರಿಜ್‌ನಲ್ಲಿರುವ ಫೈಲುಗಳ ಪಟ್ಟಿ ಕೇಳುವ 'ಕ್ಯಾಟ್ 1' ಒತ್ತಿದೆ. ಅದು ಗಿರ್ರೆಂದು ಸುತ್ತಿ ಮೂರು ಹೆಸರು ತೋರಿಸಿತು. "ಇದಕ್ಕೇನಾ ಮೂರು ವಾರ?" ಅಂದರು ಮಾವ. ಆಮೇಲೆ ಅವರೇ ಇನ್ನೊಂದು ಸಲ ಒತ್ತಿದರು.