ಸರ್ಕಾರಿ ಮದ್ಯದಂಗಡಿಯೋ, ಖಾಸಗಿ ಲೈಸೆನ್ಸೋ?

1933ರಲ್ಲಿ ಪಾನನಿಷೇಧ ತೆರವಾದಾಗ ಅಮೆರಿಕದ ರಾಜ್ಯಗಳು ಬೇರೆ ಬೇರೆ ದಾರಿ ಹಿಡಿದವು. ಪೆನ್ಸಿಲ್ವೇನಿಯಾದಲ್ಲಿ ವಿಸ್ಕಿ ಬಾಟಲಿಗೆ ಈಗಲೂ ಮುಖ್ಯವಾಗಿ ಸರ್ಕಾರಿ ಅಂಗಡಿಯೇ ಗತಿ. ವೈನ್ ಮಾತ್ರ 2016ರ ಕಾಯ್ದೆಯಿಂದ ದಿನಸಿ ಅಂಗಡಿಗಳಿಗೂ ಬಂತು. ಕ್ಯಾಲಿಫೋರ್ನಿಯಾದಲ್ಲಾದರೆ ಲೈಸೆನ್ಸ್ ಇರುವ ಸೂಪರ್‌ಮಾರ್ಕೆಟ್‌ನಲ್ಲಿ ಹಾಲು, ವಿಸ್ಕಿ ಎರಡೂ ಒಂದೇ ಬಿಲ್ಲಿನಲ್ಲಿ.

ಅನುಕೂಲವೇ ಮುಖ್ಯವಾದರೆ ಖಾಸಗಿ ಪದ್ಧತಿ ಮೇಲು, ಅದರಲ್ಲಿ ವಾದವಿಲ್ಲ. ಬೆಲೆಯೂ ಇಳಿಯುತ್ತದೆ ಎಂದುಕೊಂಡವರು ವಾಷಿಂಗ್ಟನ್ ರಾಜ್ಯವನ್ನು ನೋಡಬೇಕು. 2011ರ ಜನಮತಗಣನೆಯಂತೆ ಮರುವರ್ಷ ಜೂನ್‌ನಲ್ಲಿ ಅಲ್ಲಿ ಮಾರಾಟ ಖಾಸಗಿಯವರ ಕೈಗೆ ಹೋಯಿತು. ಅಂಗಡಿಗಳು ಹೆಚ್ಚಿದವು. ಆದರೆ ವಿತರಕರಿಗೆ ಶೇ 10, ಚಿಲ್ಲರೆ ಮಾರಾಟಕ್ಕೆ ಶೇ 17 ಶುಲ್ಕ ಬಿದ್ದು ಬೆಲೆ ಏರಿತು! ಹಾಗಾಗಿ ಇಂಥ ಖಾಸಗೀಕರಣಕ್ಕೆ ಮತ ಹಾಕುವ ಮುನ್ನ ಅದರ ಮಸೂದೆಯಲ್ಲಿ ಶುಲ್ಕದ ಪುಟವನ್ನೇ ಮೊದಲು ತೆರೆಯಿರಿ. ಕುಡಿತಕ್ಕೆ ಕಡಿವಾಣವೇ ನಿಮ್ಮ ಆದ್ಯತೆಯೆಂದರೆ, ಹಳೆಯದಾದರೂ ಸರ್ಕಾರಿ ಅಂಗಡಿಯೇ ಇರಲಿ.