ಟೆಂಡರ್ ವಕೀಲಿಕೆ: ಕೊಚ್ಚಿಯೋ, ಮಂಗಳೂರೋ?

ಸರಕಾರಿ ಗುತ್ತಿಗೆಗಳ ವಕೀಲಿಕೆ ಬಯಸುವ ಕಾಸರಗೋಡಿನ ಕನ್ನಡಿಗರ ಮುಂದೆ ಎರಡು ದಾರಿಗಳಿವೆ. ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಯಾವ ರಾಜ್ಯದ್ದಾದರೂ ದೇಶವಿಡೀ ವಾದಿಸಬಹುದು. ಆ ಚಿಂತೆ ಬೇಡ.

ಕರ್ನಾಟಕದಲ್ಲಿ ಹಿಡಿದುಕೊಳ್ಳಲು ಕಾಯ್ದೆಯೇ ಇದೆ: ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಟೆಂಡರ್ ಅಂಗೀಕಾರದ ಆದೇಶದಿಂದ ಬಾಧಿತರಾದ ಬಿಡ್‌ದಾರರು ಅದರ 16ನೇ ಪ್ರಕರಣದಡಿ (ಸೆಕ್ಷನ್) 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಹೊಸಬರ ಕೈ ಪಳಗುವುದು ಇಂಥವುಗಳಲ್ಲೇ. ರಿಟ್, ಅಂದರೆ ನೇರ ಹೈಕೋರ್ಟಿಗೆ ಹಾಕುವ ಅರ್ಜಿ, ಆದರೆ ಮಂಗಳೂರಿನವರು ಬೆಂಗಳೂರಿಗೇ ಹೋಗಬೇಕು.

ಕೇರಳದಲ್ಲಿ ಅಂಥ ಕಾಯ್ದೆಯಿಲ್ಲ. ಸ್ಟೋರ್ಸ್ ಪರ್ಚೇಸ್ ಮ್ಯಾನುಯಲ್ (ಸರಕು ಖರೀದಿಯ ಕೈಪಿಡಿ), ಲೋಕೋಪಯೋಗಿ ಕೈಪಿಡಿಗಳೇ ಆಧಾರ. ಟೆಂಡರ್ ತಕರಾರು ಬಹುಪಾಲು ಸಂವಿಧಾನದ 226ನೇ ವಿಧಿಯಡಿ ರಿಟ್ ಆಗುತ್ತದೆ, ಅಂದರೆ ಕೇರಳ ಹೈಕೋರ್ಟ್ ಇರುವ ಕೊಚ್ಚಿಗೆ ಎರ್ನಾಕುಳಂ ರೈಲು. ಅಲ್ಲಿ ನ್ಯಾಯಾಲಯ ತೂಗುವುದು ದರವನ್ನಲ್ಲ, ತೀರ್ಮಾನಕ್ಕೆ ಬಂದ ಕ್ರಮವನ್ನು. ಕಡತಗಳೋ ಹೆಚ್ಚಾಗಿ ಮಲಯಾಳದಲ್ಲಿ. ಅದನ್ನು ಸರಾಗ ಓದಬಲ್ಲವರು ಕೊಚ್ಚಿಗೆ ಹೋಗಲಿ. ತಡವರಿಸುವವರಿಗೆ ನಾನು ಮಂಗಳೂರನ್ನೇ ಹೇಳುತ್ತೇನೆ.