ಊರಿನ ಪೈಪುಗಳೆಲ್ಲ ಒಂದೇ ನಕ್ಷೆಯಲ್ಲಿ: ಕ್ಯೂಜಿಐಎಸ್, ಕ್ಯೂಫೀಲ್ಡ್ ನಾಲ್ಕು ವರ್ಷ ಬಳಸಿದ ಮೇಲೆ

ಕೋಲಾರ ಜಿಲ್ಲೆಯ ಒಂದು ಚಿಕ್ಕ ಊರಿನಲ್ಲಿ ಕುಡಿಯುವ ನೀರು ಮತ್ತು ಯುಜಿಡಿ (ಒಳಚರಂಡಿ) ಕೆಲಸ ನೋಡಿಕೊಳ್ಳುವ ಎಂಜಿನಿಯರ್ ನಾನು. 2021ರಲ್ಲಿ ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ 3.16 ಹಾಕಿಕೊಂಡೆ. ಈಗ 3.40 ಬಳಸುತ್ತಿದ್ದೇನೆ. ಬೀದಿಯಲ್ಲಿ ಓಡಾಡುವಾಗ ಫೋನಿನಲ್ಲಿ ಕ್ಯೂಫೀಲ್ಡ್ ಆ್ಯಪ್. ಎರಡೂ ಓಪನ್ ಸೋರ್ಸ್, ಲೈಸೆನ್ಸಿಗೆ ಅಂತ ಇಲ್ಲಿಯವರೆಗೆ ಒಂದು ರೂಪಾಯಿ ಕೊಟ್ಟಿಲ್ಲ. ಕ್ಯೂಜಿಐಎಸ್ ಅನ್ನು ಗ್ಯಾರಿ ಶೆರ್ಮನ್ 2002ರಲ್ಲಿ ಶುರು ಮಾಡಿದರು. ಕ್ಯೂಫೀಲ್ಡ್ ಸ್ವಿಟ್ಜರ್ಲೆಂಡಿನ ಓಪನ್‌ಜಿಐಎಸ್ ತಂಡದ್ದು.

ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟುತ್ತದೆ. ಒಂದು ಬತ್ತಿದರೆ ಇನ್ನೊಂದು ಕೊರೆಸುತ್ತೇವೆ, ಅಲ್ಲಿಂದ ಟ್ಯಾಂಕಿಗೆ ಹೊಸ ಲೈನ್ ಎಳೆಯುತ್ತೇವೆ. ಹಳೇ ಲೈನ್ ಮಣ್ಣಿನಲ್ಲೇ ಉಳಿಯುತ್ತದೆ. ಹೀಗಾಗಿ ಒಂದೇ ರಸ್ತೆಯಡಿ ನೀರಿರುವ ಪೈಪು, ನೀರಿಲ್ಲದ ಪೈಪು, ಯಾರದು ಅಂತಲೇ ತಿಳಿಯದ ಪೈಪು, ಎಲ್ಲವೂ ಇವೆ. ಕಡತದಲ್ಲಿ ಇದ್ದದ್ದು ಟೆಂಡರ್ ಕಾಲದ ಡ್ರಾಯಿಂಗ್ ಮಾತ್ರ. ಪೈಪು ನಿಜವಾಗಿ ಎಲ್ಲಿ ಹೋಗಿದೆ ಅನ್ನುವುದು ನಮ್ಮ ಹಿರಿಯ ನೀರುಗಂಟಿಗೆ ಗೊತ್ತಿತ್ತು. ಜೆಸಿಬಿ ಬಂದು ನಿಂತ ಮೇಲೆ ಅವರಿಗೆ ಫೋನ್ ಮಾಡುವುದೇ ನಮ್ಮ ಪದ್ಧತಿ. "ಮೇಡಂ, ಅಲ್ಲಿ ಅಗೀಬೇಡಿ, ಎಸಿ ಪೈಪ್ ಐತೆ" (ಆಸ್ಬೆಸ್ಟಾಸ್ ಸಿಮೆಂಟಿನ ಹಳೇ ಪೈಪು) ಅಂತ ಅವರು ಹೇಳಿದ್ದು ಒಂದು ಸಲವೂ ತಪ್ಪಿಲ್ಲ. ಒಂದು ದಿನ ಅವರಿಗೆ ಜ್ವರ, ಫೋನ್ ಎತ್ತಲಿಲ್ಲ. ಮುಖ್ಯ ಲೈನ್ ಒಡೆಯಿತು. ಎರಡು ವಾರ್ಡಿಗೆ ಮೂರು ದಿನ ಟ್ಯಾಂಕರ್ ನೀರು. ನಕ್ಷೆ ಮಾಡಲೇಬೇಕು ಅನ್ನಿಸಿದ್ದು ಆಗ.

ಮೊದಲು ಮಾಡಿದ ಕೆಲಸ ವಾಲ್ವ್‌ಗಳದ್ದು. ವಾಲ್ವ್ ಕಣ್ಣಿಗೆ ಕಾಣುತ್ತದೆ, ಅಗೆಯಬೇಕಾಗಿಲ್ಲ. ಕ್ಯೂಜಿಐಎಸ್‌ನಲ್ಲಿ ಒಂದು ಫಾರಂ ಮಾಡಿಕೊಂಡೆ: ವಾಲ್ವ್ ಸೈಜು, ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ, ಎಷ್ಟು ಸುತ್ತು, ಯಾವ ಬೀದಿಗೆ ನೀರು ಹೋಗುತ್ತದೆ, ಒಂದು ಫೋಟೊ. ಅದೇ ಫಾರಂ ಕ್ಯೂಫೀಲ್ಡ್‌ನಲ್ಲಿ ಹಾಗೇ ಬರುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಟೈಪ್ ಮಾಡುವುದನ್ನು ಆದಷ್ಟು ತೆಗೆದು ಪಟ್ಟಿಯಿಂದ ಆರಿಸುವ ಹಾಗೆ ಮಾಡಿದ ಮೇಲೆ ನಮ್ಮ ಹುಡುಗರು ನನ್ನ ಸಹಾಯ ಕೇಳುವುದನ್ನೇ ಬಿಟ್ಟರು.

ಪೈಪಿನ ಲೈನ್ ಎಳೆಯಲು ಕೂತಾಗ ನಿಜವಾದ ಕಷ್ಟ ಶುರುವಾಯಿತು. ಪರದೆಯ ಮೇಲೆ ಎಳೆದ ಗೆರೆ ಯಾವುದಾದರೂ ಒಂದೇ ಥರ ಕಾಣುತ್ತದೆ, ಅಲ್ವಾ? ಕಣ್ಣಾರೆ ನೋಡಿ ಅಳೆದದ್ದೂ ನೀಲಿ ಗೆರೆ, ಯಾರೋ ಅಂದಾಜಿನಲ್ಲಿ ಹೇಳಿದ್ದೂ ನೀಲಿ ಗೆರೆ. ಕಾಗದದ ಡ್ರಾಯಿಂಗನ್ನು ಯಾರೂ ಪೂರ್ತಿ ನಂಬುತ್ತಿರಲಿಲ್ಲ. ಕಂಪ್ಯೂಟರಿನ ನಕ್ಷೆಯನ್ನು ಮಾತ್ರ ಎಲ್ಲರೂ ನಂಬಿಬಿಡುತ್ತಾರೆ. ಇದು ನನಗೆ ಹೆದರಿಕೆ ಹುಟ್ಟಿಸಿತು. ಅದಕ್ಕೆ ಪೈಪ್ ಲೇಯರಿಗೆ, ಅಂದರೆ ನಕ್ಷೆಯಲ್ಲಿ ಪೈಪುಗಳಿರುವ ಪದರಕ್ಕೆ, ಒಂದು ಕಾಲಂ ಸೇರಿಸಿದೆ. ಹೆಸರು 'ಹೇಗೆ ಗೊತ್ತು'. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ 2002ರಲ್ಲಿ ನೆಲದಡಿಯ ಲೈನುಗಳಿಗೆ ಒಂದು ಮಾನದಂಡ ತಂದಿತ್ತು, 2022ರಲ್ಲಿ ಪರಿಷ್ಕರಿಸಿತು. ಲೈನಿನ ಜಾಗ ಎಷ್ಟು ಖಾತ್ರಿ ಅನ್ನುವುದಕ್ಕೆ ಅದರಲ್ಲಿ ನಾಲ್ಕು ಮಟ್ಟ ಇವೆ, ಅವನ್ನೇ ಈ ಕಾಲಂಗೆ ತಂದೆ. ಡಿ ಅಂದರೆ ಹಳೇ ದಾಖಲೆ ಅಥವಾ ಬಾಯಿಮಾತು. ಸಿ ಅಂದರೆ ಮೇಲೆ ಕಾಣುವ ವಾಲ್ವ್, ಮ್ಯಾನ್‌ಹೋಲ್ ಸರ್ವೆ ಮಾಡಿ ನಡುವಿನ ಗೆರೆ ಊಹಿಸಿದ್ದು. ಬಿ ಅಂದರೆ ರೇಡಾರ್‌ನಂಥ ಉಪಕರಣ ಇಟ್ಟು ಪತ್ತೆ ಮಾಡಿದ್ದು. ಎ ಅಂದರೆ ಅಗೆದು, ಪೈಪನ್ನು ನೋಡಿ, ಅಳತೆ ತೆಗೆದದ್ದು. ನಮ್ಮ ಹತ್ತಿರ ರೇಡಾರ್ ಇಲ್ಲ, ಹಾಗಾಗಿ ಬಿ ಖಾಲಿ. ಡಿ ಗೆರೆ ಬೂದು ಬಣ್ಣದ ಚುಕ್ಕಿ ಚುಕ್ಕಿ, ಸಿ ತೆಳು ನೀಲಿ, ಎ ದಪ್ಪ ನೀಲಿ. ಕಾಲಂ ನೋಡಿ ಬಣ್ಣ ಹಾಕುವುದನ್ನು ಕ್ಯೂಜಿಐಎಸ್ ತಾನೇ ಮಾಡುತ್ತದೆ.

ಶುರುವಿನಲ್ಲಿ ಊರೆಲ್ಲ ಬೂದು ಚುಕ್ಕಿಯೇ. ಈಗ ಎಲ್ಲೇ ಲೀಕೇಜ್ ರಿಪೇರಿಗೆ ಗುಂಡಿ ತೆಗೆದರೂ ಮುಚ್ಚುವ ಮುಂಚೆ ಕ್ಯೂಫೀಲ್ಡ್ ತೆರೆಯುತ್ತೇವೆ. ಪೈಪ್ ಯಾವ ಬಗೆ, ಎಷ್ಟು ಆಳ, ಪಕ್ಕದ ಕಾಂಪೌಂಡಿನಿಂದ ಎಷ್ಟು ದೂರ ಅಂತ ಟೇಪು ಹಿಡಿದು ಬರೆಯುತ್ತೇವೆ. ಆ ತುಂಡು ಡಿಯಿಂದ ಎಗೆ ಹೋಗುತ್ತದೆ. ಗುಂಡಿ ಹೇಗೂ ತೆಗೆದಿರುತ್ತೇವೆ, ಹತ್ತು ನಿಮಿಷದ ಕೆಲಸ. ಇಡೀ ನಾಲ್ಕು ವರ್ಷದಲ್ಲಿ ನನಗೆ ತುಂಬ ಖುಷಿ ಕೊಟ್ಟದ್ದು ಈ ಒಂದು ಕಾಲಂ.

ಕಾಂಪೌಂಡಿನಿಂದ ಟೇಪು ಹಿಡಿಯುವುದಕ್ಕೆ ಕಾರಣ ಇದೆ. ಫೋನಿನ ಜಿಪಿಎಸ್ ಬಯಲಿನಲ್ಲೇ ನಾಲ್ಕೈದು ಮೀಟರ್ ಅತ್ತಿತ್ತ ಆಗುತ್ತದೆ. ನಮ್ಮ ಪೇಟೆ ಬೀದಿಯ ಅಗಲವೇ ಅಷ್ಟು. ವಾಲ್ವ್ ಹುಡುಕಲು ಪರವಾಗಿಲ್ಲ, ಅಗೆಯಲು ಸಾಲದು. ಹೊರಗಿನ ಜಿಎನ್‌ಎಸ್‌ಎಸ್ ರಿಸೀವರನ್ನು (ಉಪಗ್ರಹಗಳ ಸಂಕೇತದಿಂದ ಜಾಗ ಅಳೆಯುವ ಉಪಕರಣ) ಬ್ಲೂಟೂತ್‌ನಲ್ಲಿ ಕ್ಯೂಫೀಲ್ಡಿಗೆ ಜೋಡಿಸಬಹುದು. ಮುಖ್ಯ ಲೈನಿನ ಕೆಲಸಕ್ಕೆ ಬಾಡಿಗೆಗೆ ತರಿಸಿ ಬಳಸಿದ್ದೇವೆ, ಸೆಂಟಿಮೀಟರ್ ಲೆಕ್ಕದಲ್ಲಿ ಬರುತ್ತದೆ. ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆಯಬೇಡಿ. ಚಿತ್ರವೇ ಕೆಲವು ಮೀಟರ್ ಸರಿದಿರಬಹುದು.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು. ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಜಾಗವನ್ನು ಮೀಟರಿನಲ್ಲಿ ಹೇಳುವ ಯುಟಿಎಂ ಪದ್ಧತಿಯಲ್ಲಿ ಕರ್ನಾಟಕದ ಬಹುಪಾಲು 43ನೇ ವಲಯದಲ್ಲಿದೆ. ಆ ವಲಯ 78 ಡಿಗ್ರಿ ರೇಖಾಂಶಕ್ಕೆ ಮುಗಿಯುತ್ತದೆ. ಬೆಂಗಳೂರು ಈಚೆ, ಕೋಲಾರ ಆಚೆ, ಅಂದರೆ 44ರಲ್ಲಿ. ಹೊರಗಿನವರು ಕೊಟ್ಟ ಒಂದು ಡ್ರಾಯಿಂಗ್ 43ರಲ್ಲಿತ್ತು, ಅದನ್ನು ನಾನು 44 ಅಂತ ತೆರೆದೆ. ಪೈಪುಗಳೆಲ್ಲ ಬಂಗಾಳ ಕೊಲ್ಲಿಯ ನಡುವೆ ಹೋಗಿ ಕೂತವು. ಅಷ್ಟು ದೂರ ಹೋದರೆ ತಪ್ಪು ಕೂಡಲೇ ಕಾಣುತ್ತದೆ. ಯಾರಿಂದ ಫೈಲ್ ಬಂದರೂ ವಲಯ ಯಾವುದು ಅಂತ ಮೊದಲು ಕೇಳಿ. ನಾವು ಈಗ ಎಲ್ಲವನ್ನೂ 44ಕ್ಕೆ ತಂದು ಒಂದೇ ಕಡೆ ಇಟ್ಟಿದ್ದೇವೆ.

ಹಂಚಿಕೊಳ್ಳುವ ವಿಷಯದಲ್ಲಿ ಎರಡು ಸಲ ದಾರಿ ಬದಲಿಸಿದೆ. ಮೊದಲ ವರ್ಷ ಶೇಪ್‌ಫೈಲ್ ಅನ್ನುವ ಹಳೇ ಬಗೆಯ ನಕ್ಷೆ ಫೈಲು. ಅದರಲ್ಲಿ ಕಾಲಂ ಹೆಸರಿಗೆ ಹತ್ತೇ ಬೈಟ್ ಜಾಗ. ಕನ್ನಡದ ಒಂದೊಂದು ಅಕ್ಷರಕ್ಕೂ ಗುಣಿತಕ್ಕೂ ಮೂರು ಮೂರು ಬೈಟ್ ಬೇಕು. 'ವಾಲ್ವ್' ಅನ್ನುವ ಹೆಸರು ಕೂಡ ಪೂರ್ತಿ ಹಿಡಿಸುವುದಿಲ್ಲ. ಆಮೇಲೆ ಜಿಯೊಪ್ಯಾಕೇಜ್ ಅನ್ನುವ ಹೊಸ ಬಗೆ. ಬೀದಿ ಹೆಸರು, ಟಿಪ್ಪಣಿ ಎಲ್ಲ ಕನ್ನಡದಲ್ಲೇ ನಿಂತವು, ಒಂದೇ ಫೈಲು. ಒಬ್ಬರೇ ಕೆಲಸ ಮಾಡುವುದಾದರೆ ಅಷ್ಟೇ ಸಾಕು. ನಾವು ಮೂರು ಜನ. ಆಫೀಸಿನ ಹಂಚಿಕೆ ಫೋಲ್ಡರಿನಲ್ಲಿಟ್ಟು ಮೂವರೂ ಒಟ್ಟಿಗೆ ತಿದ್ದಲು ಹೋದರೆ ಫೈಲ್ ಲಾಕ್ ಆಗುತ್ತದೆ. ಆಳಾಳಿಗೆ ಒಂದೊಂದು ಕಾಪಿ ಮಾಡಿಕೊಂಡರೆ ತಿಂಗಳಲ್ಲಿ ಮೂರು ನಕ್ಷೆ ಆಗುತ್ತವೆ, ಮತ್ತೆ ಹಳೇ ಕಥೆ. ಕೊನೆಗೆ ಒಂದು ಹಳೇ ಕಂಪ್ಯೂಟರಿಗೆ ಪೋಸ್ಟ್‌ಜಿಐಎಸ್, ಅಂದರೆ ಹಲವರು ಒಟ್ಟಿಗೆ ತಿದ್ದಬಹುದಾದ ನಕ್ಷೆಯ ಡೇಟಾಬೇಸ್, ಹಾಕಿಸಿದೆವು. ಹಾಕಿಸಲು ಗೊತ್ತಿರುವವರ ಸಹಾಯ ಬೇಕೇ ಬೇಕು, ನನಗೊಬ್ಬಳಿಗೆ ಆಗಲಿಲ್ಲ. ಆಮೇಲೆ ತೊಂದರೆ ಇಲ್ಲ. ರಾತ್ರಿ ಬ್ಯಾಕಪ್ ಮಾತ್ರ ಮರೆಯಬಾರದು.

ಕಟ್ಟಡದ ಮಾಡೆಲ್ ವಿಷಯಕ್ಕೆ ಬಂದರೆ ಕ್ಯೂಜಿಐಎಸ್‌ಗೆ ಅಂಕ ಕಡಿಮೆ. ಹೊಸ ಸಂಪು ಮತ್ತು ಪಂಪ್‌ಹೌಸ್ ಡಿಸೈನ್ ಮಾಡಿದವರು ಐಎಫ್‌ಸಿ ಫೈಲ್ (ಕಟ್ಟಡದ ಮಾಡೆಲ್ ಹಂಚಿಕೊಳ್ಳುವ ಫೈಲಿನ ಬಗೆ) ಕೊಟ್ಟರು. ಗೋಡೆ, ಪೈಪು, ಪಂಪು ಎಲ್ಲ ಮೂರು ಆಯಾಮದಲ್ಲಿ ಇರುತ್ತದೆ. ಕ್ಯೂಜಿಐಎಸ್ ಅದನ್ನು ನೇರವಾಗಿ ತೆರೆಯುವುದಿಲ್ಲ. ಫ್ರೀಕ್ಯಾಡ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ತೆರೆದು, ಬೇಕಾದ ಗೆರೆಗಳನ್ನು ಹೊರಗೆ ತೆಗೆದು ನಕ್ಷೆಗೆ ತಂದೆ. ಮಾಡೆಲ್‌ನಲ್ಲಿ ಸೊನ್ನೆ ಅಂದರೆ ಕಟ್ಟಡದ ಒಂದು ಮೂಲೆ, ಎತ್ತರದ ಸೊನ್ನೆ ಅಂದರೆ ಪ್ಲಿಂತ್ (ಕಟ್ಟಡದ ತಳಪಾಯದ ಮೇಲ್ಮಟ್ಟ). ಆ ಮೂಲೆ ಭೂಮಿಯ ಮೇಲೆ ಎಲ್ಲಿದೆ ಅಂತ ಬರೆಯಲು ಐಎಫ್‌ಸಿಯ 4ನೇ ಆವೃತ್ತಿಯಿಂದ ಒಂದು ಜಾಗ ಇದೆ. ನಮಗೆ ಬಂದ ಫೈಲಿನಲ್ಲಿ ಅದು ಖಾಲಿ. ನಾವೇ ಸೈಟಿನ ಮೂಲೆ ಕಲ್ಲುಗಳ ಅಳತೆ ತೆಗೆದು, ಪ್ಲಿಂತ್ ಮಟ್ಟವನ್ನು ರಸ್ತೆಯ ಆರ್‌ಎಲ್ (ಸರ್ವೆಯಲ್ಲಿ ಅಳೆದ ಎತ್ತರ) ಜೊತೆ ಹೊಂದಿಸಿ ತುಂಬಿದೆವು.

ಆ ಶ್ರಮ ವ್ಯರ್ಥವಾಗಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಸಂಪಿನ ಓವರ್‌ಫ್ಲೋ ಪೈಪು ಹೊರಬರುವ ಮಟ್ಟ ರಸ್ತೆ ಚರಂಡಿಯ ತಳಕ್ಕಿಂತ ಕೆಳಗಿತ್ತು. ಹಾಗೇ ಕಟ್ಟಿದ್ದರೆ ಮಳೆ ಬಂದಾಗ ಚರಂಡಿ ನೀರು ಕುಡಿಯುವ ನೀರಿನ ಸಂಪಿಗೆ ಬರುತ್ತಿತ್ತು. ಮಾಡೆಲ್ ಒಂದನ್ನೇ ನೋಡಿದರೆ ಇದು ಕಾಣುವುದಿಲ್ಲ, ನಕ್ಷೆ ಒಂದನ್ನೇ ನೋಡಿದರೂ ಕಾಣುವುದಿಲ್ಲ. ಕಾಂಕ್ರೀಟ್ ಹಾಕುವ ಮುಂಚೆ ಡಿಸೈನ್ ಬದಲಾಯಿತು. ಆ ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳಿದ ಮೇಲೆಯೇ ನನಗೆ ಸಮಾಧಾನ ಆದದ್ದು.

ಚಿಕ್ಕ ಪುಟ್ಟ ಮಾತುಗಳು. ಹೊಸ ಆವೃತ್ತಿ ಬಂತು ಅಂತ ಸುಮ್ನೆ ಅಪ್‌ಡೇಟ್ ಮಾಡಬೇಡಿ, ಆಫೀಸಿಗೆ ಎಲ್‌ಟಿಆರ್ ಆವೃತ್ತಿಯೇ (ಹೆಚ್ಚು ಕಾಲ ತಿದ್ದುಪಡಿ ಸಿಗುವ ಸ್ಥಿರ ಆವೃತ್ತಿ) ಸರಿ. ಕಲಿಯಲು ಸಮಯ ಬೇಕು, ಮೆನು ಜಾಸ್ತಿ. ದೊಡ್ಡ ಚಿತ್ರಗಳನ್ನು ಹಾಕಿದರೆ 4 ಜಿಬಿ ಮೆಮೊರಿಯ ಕಂಪ್ಯೂಟರ್ ತಡವರಿಸುತ್ತದೆ.

ಹೊರಗಿನವರ ಜೊತೆ ಹಂಚಿಕೊಳ್ಳುವುದು ಇನ್ನೂ ಅರ್ಧ ದಾರಿಯಲ್ಲಿದೆ. ಅಗೆಯುವವರು ಮುಂಚೆಯೇ ತಿಳಿಸಲಿ ಅಂತ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿತು. ಅಗೆಯುವ ಜಾಗ ಹಾಕಿದರೆ ಅಲ್ಲಿ ಲೈನ್ ಇರುವವರಿಗೆ ಸೂಚನೆ ಹೋಗುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಸೂಚನೆ ಬಂದವರ ಹತ್ತಿರ ತಮ್ಮ ಪೈಪಿನ ನಕ್ಷೆ ಇದ್ದರೆ ತಾನೇ ಉತ್ತರ ಕೊಡುವುದು? ಕೇಬಲ್ ಹಾಕುವವರು ಈಗ ನಮ್ಮ ಆಫೀಸಿಗೆ ಬಂದರೆ ಆ ಬೀದಿಯ ಎ3 ಪ್ರಿಂಟ್ ಕೊಡುತ್ತೇವೆ. ಬೂದು ಚುಕ್ಕಿ ಇರುವ ಕಡೆ ಜೆಸಿಬಿ ಬೇಡ, ಗುದ್ದಲಿಯಲ್ಲಿ ಅಗೆಯಿರಿ ಅಂತ ಅದರ ಮೇಲೆ ಕನ್ನಡದಲ್ಲೇ ಬರೆದಿರುತ್ತದೆ.

ನಮ್ಮ ನೀರುಗಂಟಿ ಮುಂದಿನ ವರ್ಷ ನಿವೃತ್ತರಾಗುತ್ತಾರೆ. ಅವರಿಗೆ ಫೋನಿನ ಪರದೆ ಸರಿಯಾಗಿ ಕಾಣುವುದಿಲ್ಲ. ಪಂಪ್‌ಹೌಸ್ ಗೋಡೆಗೆ ದೊಡ್ಡ ಪ್ರಿಂಟ್ ಅಂಟಿಸಿ, ಕೆಂಪು ಪೆನ್ನು ಕಟ್ಟಿಟ್ಟಿದ್ದೇನೆ. ನೆನಪಾದಾಗ ಗುರುತು ಹಾಕುತ್ತಾರೆ, ಶನಿವಾರ ನಾನು ಹೋಗಿ ಅವನ್ನು ನಕ್ಷೆಗೆ ಏರಿಸುತ್ತೇನೆ. ಹೋದ ವಾರ ಹಳೇ ಸಂತೆ ಮೈದಾನದ ಅಂಚಿಗೆ ಒಂದು ಲೈನ್ ಎಳೆದು 'ಇದು ಈಗ ಇಲ್ಲ' ಅಂತ ಬರೆದಿದ್ದರು. ಅದಕ್ಕೆ ಈಗ ಹೊಸದೊಂದು ಕಾಲಂ ಬೇಕಾಗಿದೆ.